ಹಕ್ಕಿ ದ್ವೀಪದಲ್ಲಿ ಶೇಂಗಾ ಸಿಪ್ಪೆ

ಪ್ರವಾಸ ಮುಗಿಸಿ ಬಂದು ವರ್ಣನೆ ಮಾಡುವವರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ನೋಡಿದ್ದೆಷ್ಟು, ಆಮೇಲೆ ಸೇರಿಸಿದ್ದೆಷ್ಟು ಎಂಬುದು ಅವರಿಗೇ ಗೊತ್ತಿರುವುದಿಲ್ಲ. ಆದರೂ ಬಾಗಲಕೋಟೆಯ ನಮ್ಮ ಕಚೇರಿಯಲ್ಲಿ ಯಾರಾದರೂ ಕಡಲಿನ ಮಾತೆತ್ತಿದರೆ ಸಾಕು, ನಾನು ಕಡತ ಬದಿಗಿಟ್ಟು ಹಕ್ಕಿ ದ್ವೀಪಕ್ಕೆ ಹೊರಟುಬಿಡುತ್ತೇನೆ. ಬೆಚ್ಚನೆಯ ಮರಳು. ಆಚೆ ಬಿಳಿ ಬಂಡೆ. ನೋಡುತ್ತಿದ್ದಂತೆ ಆ ಬಿಳುಪೆಲ್ಲ ಎದ್ದು ಹಾರಿತು. ಕೆಳಗೆ ಉಳಿದ ಬಂಡೆ ಕಪ್ಪು. ಕಣದಲ್ಲಿ ಜೋಳ ತೂರುವಾಗ ಹೊಟ್ಟು ಗಾಳಿಗೆ ಸಿಕ್ಕು ತೇಲುವಂತೆ ಸಾವಿರ ಕಡಲಹಕ್ಕಿಗಳು ತೇಲಿ, ತೇಲಿ, ಕೆಳಗಿಳಿಯುವುದನ್ನೇ ಮರೆತವು. ಸದ್ದೇ ಇರಲಿಲ್ಲ. ಅಲ್ಲ, ಸದ್ದು ಎಷ್ಟಿತ್ತೆಂದರೆ ಅದು ಸದ್ದು ಅನ್ನಿಸಲೇ ಇಲ್ಲ.

ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ಒಮ್ಮೆ ಒಂಟಿ ಬಿಳಿ ಹಕ್ಕಿಯೊಂದನ್ನು ಕಂಡಿದ್ದೆ. ಅದು ಕಡಲಿನಿಂದ ಬಂದದ್ದು ಎಂದು ಯಾರೋ ಹೇಳಿದರು. ಅಂದಿನಿಂದ ಅದರ ಊರು ನೋಡುವ ಹುಚ್ಚು. ಅರ್ಜಿಯ ಮೇಲೆ ಅರ್ಜಿ ಹಾಕಿ, ಕೊನೆಗೆ ಆ ದ್ವೀಪದಲ್ಲಿ ಒಂದೇ ಒಂದು ತಾಸು ಇರಲು ಅನುಮತಿ ಸಿಕ್ಕಿತು. ಶಿರೂರಿನಲ್ಲಿ ಹೊಲ ಮಾಡಿಕೊಂಡಿರುವ ಅಕ್ಕನೂ ಜೊತೆಗೆ ಹೊರಟಳು. ಆದರೆ ಆ ದಿನ ಎಳ್ಳಮಾಸಿ, ಎಳ್ಳು ಅಮಾವಾಸ್ಯೆ. ನಮ್ಮ ಕಡೆ ಅಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ನಾಲ್ಕೂ ದಿಕ್ಕಿಗೆ ಅನ್ನ ಚೆಲ್ಲಿ, ಆಮೇಲೆ ಉಣ್ಣುವುದು ರೂಢಿ. ಅದಕ್ಕೆ ಚರಗ ಎನ್ನುತ್ತಾರೆ.

"ಭೂಮಿತಾಯಿಗಿ ಉಣಸದ ನಾ ಹನಿ ನೀರೂ ಮುಟ್ಟಂಗಿಲ್ಲ" ಎಂದು ಅಕ್ಕ ದಾರಿಯುದ್ದಕ್ಕೂ ಬುತ್ತಿಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

"ಅಕ್ಕಾ, ಆ ದ್ವೀಪದಾಗ ಚರಗ ಗಿರಗ ಚೆಲ್ಲಿದ್ರ ನಮ್ಮನ್ನ ಹೊರಗ ಹಾಕ್ತಾರ ನೋಡು. ನನ್ನ ತಾಸು ಹಾಳಾಗ್ತೈತಿ" ಎಂದು ನಾನೂ ದಾರಿಯುದ್ದಕ್ಕೂ ಉಪದೇಶ ಮಾಡಿದೆ.

ದೋಣಿ ಹತ್ತುವಲ್ಲಿ ಕಾವಲುಗಾರ ಬುತ್ತಿಯನ್ನು ತಡೆದ. "ದೋಣಿಯಲ್ಲಿ ಹೇಗೋ ಇಲಿ ಬಂದುಬಿಡ್ತದೆ ಅಮ್ಮಾ. ತಿನ್ಲಿಕ್ಕೆ ಸಿಕ್ಕಿದ್ರೆ ಅಲ್ಲೇ ನಿಲ್ತದೆ. ಮತ್ತೆ ಹಕ್ಕಿ ಮೊಟ್ಟೆ ಒಂದೂ ಉಳಿಯೂದಿಲ್ಲ."

ಅಕ್ಕ ತೆಗೆಯುವ ಜಗಳಕ್ಕೆ ನಾನು ಸಿದ್ಧನಾದೆ. ಅಕ್ಕ ಮಾತ್ರ ಬುತ್ತಿಯನ್ನು ಅವನ ಕೈಗೇ ಕೊಟ್ಟಳು. "ಇಲಿ ಕಾಟ ನನಗ ಹೇಳಬ್ಯಾಡ್ರಿ ಯಪ್ಪಾ, ಹೋದ ವರ್ಷ ಎರಡ ಚೀಲ ಜ್ವಾಳ ತಿಂದಾವ. ಬಂದ ಮ್ಯಾಲ ಈ ದಂಡಿಗೇ ಚೆಲ್ಲತೇನಿ."

ದ್ವೀಪದಲ್ಲಿ ಇಳಿದು ಹತ್ತು ಹೆಜ್ಜೆ ನಡೆದಿರಬೇಕು. ಕಾವಲುಗಾರ ಹಿಂದಿನಿಂದ ಬಂದು ಅಂಗೈ ಚಾಚಿದ. ಅದರಲ್ಲಿ ಮೂರು ಶೇಂಗಾ ಸಿಪ್ಪೆ.

"ಇದು ಯಾರದ್ದು?"

"ನಮ್ಮ ತಮ್ಮಂದ್ರಿ. ಭಾಳ ಸಾಲಿ ಕಲತಾನ" ಎಂದಳು ಅಕ್ಕ, ಆಕಾಶದಿಂದ ಕಣ್ಣು ಕೀಳದೆ.

ಮನಸ್ಸು ಎಲ್ಲಾದರೂ ತೇಲಿದರೆ ನನ್ನ ಕೈ ತಾನಾಗಿ ಜೇಬಿಗೆ ಹೋಗುತ್ತದೆ, ಜೇಬಿನಲ್ಲಿ ಹುರಿದ ಶೇಂಗಾ ಇರುತ್ತದೆ. ಕಚೇರಿಯಲ್ಲಿ ನನ್ನ ಮೇಜಿನ ಕೆಳಗೆ ಕಸ ಗುಡಿಸುವಾಕೆ ದಿನವೂ ಶಪಿಸುತ್ತಾಳೆ. ದೋಣಿಯಿಂದ ಅಲ್ಲಿಯವರೆಗೆ ನಾನು ನನ್ನದೇ ಚರಗ ಚೆಲ್ಲಿಕೊಂಡು ಬಂದಿದ್ದೆ!

"ಎಲ್ಲ ಹೆಕ್ಕಿ ಸಾರ್. ಒಂದೂ ಬಿಡ್ಲಿಕ್ಕಿಲ್ಲ."

ಮರಳಿನ ಬಣ್ಣವೂ ಸಿಪ್ಪೆಯ ಬಣ್ಣವೂ ಒಂದೇ. ಸಿಪ್ಪೆ ಎಂದು ಹೆಕ್ಕಿದರೆ ಕಪ್ಪೆಚಿಪ್ಪಿನ ಚೂರು. "ಅಯ್ಯಯ್ಯ, ತಮ್ಮಾ, ನೋಡೋ!" ಎಂದು ಅಕ್ಕ ಕೂಗಿದಾಗಲೆಲ್ಲ ಕತ್ತು ಎತ್ತಲು ಹೋಗುತ್ತಿದ್ದೆ, ಕಾವಲುಗಾರ ಕೆಮ್ಮುತ್ತಿದ್ದ. ಮರಳಿನ ಮೇಲೆ ನೆರಳುಗಳು ಹರಿದು ಹೋಗುತ್ತಿದ್ದವು, ನನ್ನ ಕೈಯ ಮೇಲೂ. ಕೊನೆಯ ಸಿಪ್ಪೆ ಸಿಗುವ ಹೊತ್ತಿಗೆ ತಾಸು ಮುಗಿದು, ದೋಣಿಯವನು ಕೂಗಿದ.

ದಂಡೆಯಲ್ಲಿ ಅಕ್ಕ ಕಡಲಿಗೆ ಕೈಮುಗಿದು ಚರಗ ಚೆಲ್ಲಿದಳು. ಕಾವಲುಗಾರನನ್ನೂ ಕೂರಿಸಿ ಸಜ್ಜೆ ರೊಟ್ಟಿ ಬಡಿಸಿದಳು. ಆತ ಎರಡು ಸಲ ಶೇಂಗಾ ಚಟ್ನಿ ಕೇಳಿ ಹಾಕಿಸಿಕೊಂಡ. ನನ್ನ ಕಡೆ ನೋಡಲಿಲ್ಲ.

ಹಾಗಾಗಿ ಮೊದಲು ಹೇಳಿದ ಆ ಬಂಡೆ, ಆ ಬಿಳುಪು, ಎಲ್ಲ ಅಕ್ಕನದು. ಹೊಟ್ಟಿನ ಹೋಲಿಕೆಯೂ ಅವಳದೇ. ನಾನು ಜನ್ಮದಲ್ಲಿ ಜೋಳ ತೂರಿದವನಲ್ಲ. ಅವಳೂ ಹೇಳಿದ್ದನ್ನೇ ಹೇಳುವುದಿಲ್ಲ. ಹೋದ ಭಾನುವಾರ ಶಿರೂರಿಗೆ ಹೋದಾಗ, ಒಂದು ಹಕ್ಕಿ ಬಂದು ತನ್ನ ತಲೆಯ ಮೇಲೆ ಕೂತಿತ್ತು ಎಂದಳು. ಎಂಥ ಸುಳ್ಳು ಎಂದು ನಕ್ಕು ಬಂದೆ. ಸೋಮವಾರ ಕಚೇರಿಯಲ್ಲಿ ಕಡಲಿನ ಮಾತು ಬಂದಾಗ ಆ ಹಕ್ಕಿ ನನ್ನ ತಲೆಯ ಮೇಲೆ ಕೂತಿತ್ತು.