ಬೆಲ್ಲದ ಬೆಸುಗೆ

ಎರಡಾದದ್ದನ್ನು ಒಂದು ಮಾಡಲು ಹೋಗಿ ಮೂರು ಮಾಡುವ ಕೈ ನನ್ನದು. ಮದ್ದೂರಿನಲ್ಲಿ ಮೇಷ್ಟ್ರಾಗಿದ್ದಷ್ಟು ದಿನವೂ ಇಂಥದ್ದು ಏನಾದರೊಂದು ಆಗುತ್ತಲೇ ಇತ್ತು. ಜಪಾನು ಬಟ್ಟಲಿನ ಕತೆಯೊಂದೇ ಸಾಕು.

೧. ಬೆಕ್ಕಿಗೆ ಕರೆ

ನನ್ನ ಹೆಂಡತಿ ಹೊಳಲಿನವಳು. ಮದುವೆಗೆ ಅವಳ ಅಣ್ಣ ಮಂಡ್ಯದ ಪೇಟೆಯಿಂದ ಜಪಾನು ಪಿಂಗಾಣಿ ಬಟ್ಟಲೊಂದನ್ನು ತಂದುಕೊಟ್ಟಿದ್ದ. ನಾನು ಗೋಡೆಗೆ ಮೊಳೆ ಹೊಡೆಯುವಾಗ ಸುತ್ತಿಗೆ ಜಾರಿ ಬಿದ್ದು ಬಟ್ಟಲು ಎರಡು ಹೋಳಾಯಿತು. ಅವಳು ಬಯ್ಯಲಿಲ್ಲ, ನನ್ನ ಜೊತೆ ಮಾತೇ ಬಿಟ್ಟಳು. ಊಟಕ್ಕೆ ಕರೆಯುವುದೂ ಬೆಕ್ಕಿನ ಮೂಲಕ: “ಮುದ್ದೆ ಆರೋಯ್ತದೆ, ಬಾ.” ಬೆಕ್ಕು ಬರುತ್ತಿರಲಿಲ್ಲ, ನಾನು ಹೋಗುತ್ತಿದ್ದೆ.

೨. ಜಪಾನಿನ ಮಾತು

ಮಳವಳ್ಳಿಯ ರೇಷ್ಮೆ ಇನ್ಸ್‌ಪೆಕ್ಟರು ಜಪಾನು ನೋಡಿ ಬಂದವರು. ಮನೆಗೆ ಬಂದಾಗ ಹೋಳುಗಳನ್ನು ತೋರಿಸಿದೆ.

“ಕೂಡಿಸೋದಕ್ಕೆ ಅಲ್ಲಿ ‘ತ್ಸುಗು’ ಅಂತಾರೆ ಮೇಷ್ಟ್ರೇ. ಬಟ್ಟಲಿಗೆ ಚಹಾ ಬಗ್ಗಿಸೋದಕ್ಕೂ ಅದೇ ಮಾತು” ಅಂದರು.

“ಅದಿರಲಿ ಸ್ವಾಮಿ, ಕೂಡಿಸೋದು ಹೇಗೆ?”

“ಅದನ್ನ ಕಲೀಲಿಲ್ಲ. ನಾನು ಹೋದದ್ದು ಹುಳ ನೋಡೋಕೆ.”

ಬಾಗಿಲ ಹಿಂದೆ ನಿಂತಿದ್ದ ನನ್ನ ಹೆಂಡತಿ ಬೆಕ್ಕನ್ನು ಎತ್ತಿಕೊಂಡು ಒಳಗೆ ಹೋದಳು.

೩. ಗಾರೆ

ಪಕ್ಕದ ಮನೆಯ ಗಾರೆ ಕೆಲಸದವನು ಧೈರ್ಯ ಹೇಳಿದ: “ಸುಣ್ಣಕ್ಕೆ ಬೆಲ್ಲ ಕಲ್ಸಿ ಅಂಟ್ಸಿ ಮೇಷ್ಟ್ರೆ. ಗೋಡೆನೇ ನಿಲ್ತದೆ, ಬಟ್ಲು ಯಾವ ಲೆಕ್ಕ?”

ಅಂಟಿಸಿ ಕಿಟಕಿಯಲ್ಲಿಟ್ಟೆ. ಎರಡು ದಿನ ಇರುವೆ ಓಡಿಸಿದ್ದೇ ಕೆಲಸ. ಆದರೂ ಬಟ್ಟಲು ನಿಂತಿತು.

ಮೂರನೆಯ ದಿನ ಅವಳ ಅಣ್ಣ ಬಂದುಬಿಟ್ಟ. ಇವಳು ಹೇಳೇ ಹೇಳುತ್ತಾಳೆ ಅಂತ ನಾನು ಬೆವರಿದೆ. ಹೇಳಲಿಲ್ಲ. ನನ್ನ ಮಾನ ಉಳಿಸೋಕೆ ಅದೇ ಬಟ್ಟಲಿಗೆ ಬಿಸಿ ಕಾಫಿ ಬಗ್ಗಿಸಿ, ಬಿರುಕನ್ನು ತನ್ನ ಕಡೆ ತಿರುಗಿಸಿ ಅಣ್ಣನ ಕೈಗೆ ಕೊಟ್ಟಳು. ನನ್ನ ಕಣ್ಣು ತುಂಬಿ ಬಂತು.

ಅಣ್ಣ ಒಂದು ಗುಟುಕು ಕುಡಿದ. “ತಂಗ್ಯಮ್ಮ, ಬೆಲ್ಲ ವಸಿ ಜಾಸ್ತಿ ಆಗದೆ ಕಣಮ್ಮ.”

ಇನ್ನೊಂದು ಗುಟುಕಿಗೆ ಅರ್ಧ ಬಟ್ಟಲು ಅವನ ಕೈಯಲ್ಲಿ, ಅರ್ಧ ತೊಡೆಯ ಮೇಲೆ. ಕಾಫಿಯೆಲ್ಲ ಪಂಚೆಗೆ.

ಅವನು ಎದ್ದು ಪಂಚೆ ಕೊಡವಿಕೊಂಡ. ಆಮೇಲೆ ನನ್ನ ಹೆಂಡತಿ ಸೆರಗು ಬಾಯಿಗೆ ಹಿಡಿದು, ನಗು ತಡೆಯಲಾರದೆ, ಬೆಕ್ಕಿನ ಕಡೆ ನೋಡದೆ ನೇರ ನನ್ನ ಮುಖ ನೋಡಿ ಅಂದಳು:

“ಕೂಡ್ಸೋದುಕ್ಕೂ ಬಗ್ಸೋದುಕ್ಕೂ ಒಂದೇ ಮಾತು ಅಂದ್ರಲ್ಲ ನಿಮ್ಮ ಇನ್ಸ್‌ಪೆಕ್ಟ್ರು, ದಿಟ ಕಣ್ರೀ. ನೀವು ಕೂಡ್ಸುದ್ರಿ, ಅದು ಬಗ್ಸ್‌ತು.”