ನಿಂತು ಕೊಟ್ಟ ಅಳತೆ

ನಿಜವಾದ ಉತ್ತರ ಒಂದು ವಾಕ್ಯಕ್ಕಿಂತ ಉದ್ದವಾಗುತ್ತದೆ ಅನ್ನಿಸಿದರೆ ನಾನು ಉತ್ತರವನ್ನೇ ಕೊಡುವುದಿಲ್ಲ. ಇದನ್ನು ಕೆಲವರು ಗಾಂಭೀರ್ಯ ಎನ್ನುತ್ತಾರೆ, ನಮ್ಮಮ್ಮ ಕೊಬ್ಬು ಎನ್ನುತ್ತಾಳೆ. ಎರಡೂ ಅಲ್ಲ, ಅರ್ಧ ಸಂಕೋಚ, ಅರ್ಧ ಸೋಮಾರಿತನ. ಹೀಗಾಗಿ ಥಾಯ್ಲೆಂಡಿನ ಸೈಕಲ್ ರೇಸು ಮುಗಿಸಿಕೊಂಡು ರಾಯದುರ್ಗಕ್ಕೆ ಮರಳಿದ ದಿನದಿಂದ "ಎಷ್ಟನೇ ನಂಬರ್ ಬಂದ್ರಿ?" ಎಂದು ಕೇಳಿದವರಿಗೆಲ್ಲ ನಾನು ಬರೀ ಮುಗುಳ್ನಕ್ಕಿದ್ದೇನೆ. ಅವರು ಅದನ್ನು ವಿನಯ ಎಂದುಕೊಂಡು, ಮೂರೋ ನಾಲ್ಕೋ ಇರಬೇಕು ಎಂದು ತಾವೇ ತೀರ್ಮಾನಿಸಿ ಹೋಗಿದ್ದಾರೆ. "ರೇಸು ಮುಗಿಸಿಕೊಂಡು" ಎಂದು ಬರೆದೆನಲ್ಲ, ಅದೂ ಸುಳ್ಳೇ. ನಾನು ಮುಗಿಸಲಿಲ್ಲ. ಇಲ್ಲಿ ಯಾರೂ ಎದುರಿಗೆ ಕೂತಿಲ್ಲವಾದ್ದರಿಂದ ಉದ್ದದ ಉತ್ತರವನ್ನು ಬರೆದುಬಿಡುತ್ತೇನೆ.

ಸೈಕಲ್ ರೇಸಿನ ಹುಚ್ಚು ಹತ್ತಿದ್ದು ಅನಂತಪುರದಲ್ಲಿ ಗಣಿತದ ಎಂ.ಎಸ್ಸಿ. ಓದುವಾಗ. ಈಗ ಊರಿನ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಬೆಳಿಗ್ಗೆ ಪಾಠಕ್ಕೆ ಮೊದಲು ಭೈರವಾನಿತಿಪ್ಪದ ಡ್ಯಾಮಿನವರೆಗೆ ಹೋಗಿ ಬರುತ್ತೇನೆ. ರಜೆಯಿದ್ದರೆ ಡಿ. ಹಿರೇಹಾಳಿನ ಕಡೆಗೆ, ಅದಿರಿನ ಲಾರಿಗಳ ಹಿಂದೆ. ವಾಪಸು ಬಂದಾಗ ಹುಬ್ಬಿನವರೆಗೂ ಕೆಂಪು ಧೂಳು. ಡ್ಯಾಮಿನ ದಾರಿಯಲ್ಲಿ ಕುರಿ ಕಾಯುವ ಒಬ್ಬ ಅಜ್ಜ ಇದ್ದಾನೆ. ಅವನಿಗೆ ನನ್ನ ಬಗ್ಗೆ ನಿಜವಾದ ಕಾಳಜಿ.

"ಎಲ್ಲಿಗವ್ವಾ ದಿನಾ?"

"ಡ್ಯಾಮಿಗೆ ಅಜ್ಜ."

"ಅಲ್ಲಿ ಯಾರದಾರ?"

"ಯಾರಿಲ್ಲ. ಹೋಗಿ ಬರೋದಷ್ಟೇ."

"ಯಾರೂ ಇಲ್ಲದಲ್ಲಿಗೆ ಯಾಕ ಹೋಗ್ತಿ? ಹೋದಾಕಿ ಒಂದೀಟು ಕುಂತಾದ್ರೂ ಬಾ."

ಇದಕ್ಕೆ ಎರಡು ವಾಕ್ಯದ ಉತ್ತರ ಬೇಕಾಗುತ್ತದೆ. ನಾನು ಪೆಡಲು ತುಳಿದು ಮುಂದೆ ಹೋಗುತ್ತೇನೆ.

ಹಲವು ದಿನಗಳ ರೇಸು ಎಂದರೇನು ಎಂದು ಮೊದಲೇ ಹೇಳಬೇಕು. ಒಂದೊಂದು ದಿನ ಒಂದೊಂದು ಊರಿನಿಂದ ಇನ್ನೊಂದು ಊರಿಗೆ, ನೂರು ಚಿಲ್ಲರೆ ಕಿಲೋಮೀಟರು. ಎಲ್ಲ ದಿನಗಳ ಸಮಯ ಕೂಡಿಸಿ ಯಾರದು ಕಡಿಮೆಯೋ ಅವರು ಗೆದ್ದಂತೆ. ಒಂದು ತಂಡದಲ್ಲಿ ಆರು ಜನ; ಆರು ಜನರೂ ಗೆಲ್ಲಲು ಹೋಗುತ್ತಾರೆ ಎಂದು ನೀವು ತಿಳಿದಿದ್ದರೆ ನೀವೂ ನನ್ನಷ್ಟೇ ಮುಗ್ಧರು. ಗೆಲ್ಲಲು ಹೋಗುವವಳು ಒಬ್ಬಳು, ಲೀಡರ್. ಉಳಿದ ಐವರು ಅವಳ ಮುಂದೆ ಹೋಗಿ ಗಾಳಿ ತಡೆಯಬೇಕು, ಅವಳ ಚಕ್ರ ಪಂಕ್ಚರಾದರೆ ತಮ್ಮ ಚಕ್ರ ಬಿಚ್ಚಿ ಕೊಡಬೇಕು, ಹಿಂದೆ ಬರುವ ತಂಡದ ಕಾರಿನಿಂದ ನೀರಿನ ಬಾಟಲಿ ತಂದು ಹಂಚಬೇಕು. ಈ ಐವರಿಗೆ ಫ್ರೆಂಚಿನಲ್ಲಿ ಒಂದು ಚಂದದ ಹೆಸರಿದೆ, ಡೊಮೆಸ್ಟಿಕ್ ಅಂತ. ಕನ್ನಡದಲ್ಲಿ ಹೇಳಿದರೆ ಮನೆಗೆಲಸದವಳು. ನೀರು ತರುವ ಪಾಳಿ ನನ್ನದಾಗಿತ್ತು.

ನನ್ನನ್ನು ತಂಡಕ್ಕೆ ಸೇರಿಸಿಕೊಂಡ ಕೋಚು ವಿಜಯಪುರದವರು. ಹೊರಡುವ ಮೊದಲು ನನ್ನನ್ನು ಪಕ್ಕಕ್ಕೆ ಕರೆದು, "ನೋಡ್ರಿ ಮೇಡಂ, ಐದು ದಿನಾ ಪೂರಾ ಮುಗಿಸ್ರಿ. ಹೆಂಗರ ಆಗ್ಲಿ, ಟೈಮಿನ್ಯಾಗ ಮುಗಿಸ್ರಿ. ಮುಂದಿನ ವರ್ಷ ನಿಮಗ ನಿಮ್ಮ ರೇಸು ನೀವ ಹೊಡಿಯಾಕ ಬಿಡ್ತೀನಿ" ಎಂದಿದ್ದರು. ನನ್ನ ರೇಸು. ಐದು ವರ್ಷ ಯಾರೂ ಇಲ್ಲದ ಡ್ಯಾಮಿಗೆ ಹೋಗಿ ಬಂದದ್ದು ಆ ಎರಡು ಪದಗಳಿಗಾಗಿ. ಗೆಲ್ಲುವುದು ಬೇಕಿರಲಿಲ್ಲ. ಐದನೆಯ ದಿನದ ಕೊನೆಯ ಗೆರೆ ದಾಟಿದರೆ ಸಾಕಿತ್ತು.

ಹೊರಡಲು ಮೂರು ದಿನವಿದ್ದಾಗ ತಂಡದ ಅಂಗಿಗಳು ಬಂದವು. ಗಂಡಸರ ಅಳತೆಯ ಎರಡು ಅಂಗಿ, ನನಗೆ ಗೋಣಿಚೀಲದ ಹಾಗೆ. ಸೈಕಲ್ಲಿನ ಅಂಗಿ ಮೈಗೆ ಅಂಟಿರಬೇಕು, ಇಲ್ಲದಿದ್ದರೆ ಗಾಳಿ ತುಂಬಿಕೊಂಡು ಹಿಂದಕ್ಕೆ ಎಳೆಯುತ್ತದೆ. ನಮ್ಮ ಮಾಮ, ಅಮ್ಮನ ತಮ್ಮ, ಜೀನ್ಸ್ ಹೊಲಿಯುವವನು. ರಾಯದುರ್ಗದಲ್ಲಿ ಟೈಲರನ್ನು ಹುಡುಕಬೇಕಾಗಿಲ್ಲ, ತಪ್ಪಿಸಿಕೊಳ್ಳುವುದೇ ಕಷ್ಟ. ಅಂಗಿ ತೆಗೆದುಕೊಂಡು ಅವನ ಅಂಗಡಿಗೆ ಹೋದೆ. ಮಾಮ ಅದನ್ನು ತಿರುಗಿಸಿ ನೋಡಿ, ಬೆನ್ನ ಕೆಳಗಿನ ಮೂರು ಜೇಬುಗಳನ್ನು ಕಂಡು, "ಜೇಬು ಹಿಂದ ಇಟ್ಟಾರಲ್ಲ. ಕಳ್ಳರಿಗೆ ಕೈ ನೋಯಬಾರದಂತೇನು?" ಎಂದ. ಆಮೇಲೆ ಟೇಪು ತೆಗೆದು, "ನೆಟ್ಟಗ ನಿಂತ್ಕೋ" ಎಂದ.

"ಮಾಮ, ಸೈಕಲ್ ಮೇಲೆ ಬಗ್ಗಿರ್ತೀನಿ."

"ಬಗ್ಗಿದವರ ಅಳತಿ ಯಾರು ತಗಂತಾರ? ಮೂವತ್ತು ವರ್ಷಾತು, ಒಬ್ಬರೂ ನನಗ ಬಗ್ಗಿ ಅಳತಿ ಕೊಟ್ಟಿಲ್ಲ. ಪೊಲೀಸರೂ ನಿಂತೇ ಕೊಟ್ಟಾರ."

ಆ ಹೊತ್ತಿಗೆ ಅಂಗಡಿಯಲ್ಲಿ ನಾಲ್ಕು ಮಿಷನ್ನುಗಳ ಮುಂದೆ ನಾಲ್ಕು ಜನ ಗಂಡಸರು, ಕಟ್ಟೆಯ ಮೇಲೆ ಇಬ್ಬರು ಗಿರಾಕಿಗಳು. ಆರೂ ಜನರ ಎದುರಿಗೆ ಹ್ಯಾಂಡಲ್ ಹಿಡಿದವಳ ಹಾಗೆ ಸೊಂಟ ಬಗ್ಗಿಸಿ ನಿಲ್ಲಬೇಕು. ಬೆನ್ನು ಬಗ್ಗಿದಾಗ ಎಷ್ಟು ಉದ್ದವಾಗುತ್ತದೆ ಎಂದು ಲೆಕ್ಕ ಹಾಕಿ ಹೇಳಬಹುದಿತ್ತು. ಲೆಕ್ಕ ನನಗೆ ಬರುತ್ತದೆ. ಆದರೆ ಅದು ಒಂದು ವಾಕ್ಯದಲ್ಲಿ ಮುಗಿಯುತ್ತಿರಲಿಲ್ಲ. ಕೈ ಕೆಳಗೆ ಬಿಟ್ಟು, ರಾಷ್ಟ್ರಗೀತೆಗೆ ನಿಂತವಳ ಹಾಗೆ ನಿಂತೆ. ಮಾಮ ಅಳತೆ ಬರೆದುಕೊಂಡ. ಹೊರಡುವ ದಿನ ಬೆಳಿಗ್ಗೆ ಎರಡೂ ಅಂಗಿಗಳು ಇಸ್ತ್ರಿಯಾಗಿ ಮನೆಗೆ ಬಂದವು. ಎರಡೂ ಪಕ್ಕಕ್ಕೆ ಜೀನ್ಸಿನ ದಪ್ಪ ದಾರದಲ್ಲಿ ಡಬಲ್ ಹೊಲಿಗೆ. ಪೆಟ್ಟಿಗೆಗೆ ತುಂಬುವ ಗಡಿಬಿಡಿಯಲ್ಲಿ ಒಂದನ್ನು ಹಾಕಿ ಕನ್ನಡಿಯ ಮುಂದೆ ನಿಂತೆ. ನಿಂತಾಗ ಅದು ಬಹಳ ಚೆನ್ನಾಗಿತ್ತು.

ಬಟ್ಟೆ ರಬ್ಬರಿನ ಹಾಗೆ ಹಿಗ್ಗುತ್ತದೆ, ಜೀನ್ಸಿನ ದಾರ ಹಿಗ್ಗುವುದಿಲ್ಲ. ಇದು ಮೊದಲ ದಿನವೇ, ಮೂವತ್ತನೆಯ ಕಿಲೋಮೀಟರಿನಲ್ಲಿ ತಿಳಿಯಿತು. ಬಗ್ಗಿದ ಕೂಡಲೇ ಅಂಗಿ ಮೇಲಕ್ಕೇರಿ ಜೇಬುಗಳು ಭುಜದ ಹತ್ತಿರ ಹೋದವು. ಬೇರೆ ತಂಡದ ನೀರಿನವರು ಜೇಬಿಗೆ ಮೂರು, ಕುತ್ತಿಗೆಯಿಂದ ಒಳಗೆ ಬೆನ್ನಿಗೆ ಮೂರು, ಹೀಗೆ ಆರು ಬಾಟಲಿ ತುಂಬಿಕೊಂಡು ಒಂಟೆಗಳ ಹಾಗೆ ಮುಂದೆ ಹೋಗುತ್ತಿದ್ದರು. ನನ್ನ ಬೆನ್ನಿಗೆ ಒಂದೂ ಇಳಿಯಲಿಲ್ಲ. ಜೇಬಿನಲ್ಲಿ ಕಷ್ಟಪಟ್ಟು ಮೂರು. ಅವರು ಒಂದು ಸಲ ಹಿಂದೆ ಹೋಗಿ ಬರುವ ಕಡೆ ನಾನು ಎರಡು ಸಲ. ಒಂದೊಂದು ಸಲವೂ ನೂರು ಸೈಕಲ್ಲುಗಳ ಗುಂಪಿನ ಹಿಂದಕ್ಕೆ ಸರಿದು, ಕಾರಿನ ಕಿಟಕಿಯಿಂದ ಬಾಟಲಿ ತೆಗೆದುಕೊಂಡು, ಮತ್ತೆ ಅಷ್ಟೂ ಗುಂಪನ್ನು ದಾಟಿ ಮುಂದೆ ಬರಬೇಕು. ಲೀಡರ್ ಬಾಗಲಕೋಟೆಯ ಹುಡುಗಿ, ನನಗಿಂತ ನಾಲ್ಕು ವರ್ಷ ಚಿಕ್ಕವಳು, ತುಂಬ ಮರ್ಯಾದಸ್ಥೆ. ಹಿಂದೆ ತಿರುಗದೆ ಕೈ ಚಾಚಿ, "ಅಕ್ಕಾ, ನೀರು" ಎನ್ನುವಳು. ಐದು ದಿನದಲ್ಲಿ ಅವಳು ನನ್ನೊಡನೆ ಆಡಿದ ಮಾತುಗಳಲ್ಲಿ ಹೆಚ್ಚಿನವು ಈ ಎರಡೇ.

ಆ ರಾತ್ರಿ ಕೋಣೆಗೆ ಹೋಗಿ ಹೊಲಿಗೆ ಬಿಚ್ಚಲು ನೋಡಿದೆ. ಕೈಯಲ್ಲಿದ್ದದ್ದು ಉಗುರು ಕತ್ತರಿ. ಅದರ ಬಾಯಿ ಮೊಂಡಾಯಿತೇ ಹೊರತು ಮಾಮನ ದಾರ ಜಗ್ಗಲಿಲ್ಲ. ಕೋಚಿಗೆ ಹೇಳಿದ್ದರೆ ಎಲ್ಲಾದರೂ ಒಂದು ಕತ್ತರಿ ತರಿಸುತ್ತಿದ್ದರು. ಆದರೆ ಹೇಳಬೇಕಾದರೆ ಅಂಗಡಿ, ಆರು ಗಂಡಸರು, ನಾನು ಬಗ್ಗದೆ ನಿಂತದ್ದು, ಎಲ್ಲವನ್ನೂ ಹೇಳಬೇಕಿತ್ತು. ಮೂರನೆಯ ದಿನ ಕಾರಿನ ಕಿಟಕಿಯಿಂದ ಬಾಟಲಿ ಕೊಡುತ್ತ ಅವರೇ ಕೇಳಿದರು: "ಯಾಕ್ರಿ ಎರಡೆರಡು ಸಲ ಬರಾಕತ್ತೀರಿ?"

"ಹಾಗೇ ಸರ್" ಎಂದೆ.

ನಾಲ್ಕನೆಯ ದಿನ ಬೆಟ್ಟ. ಪ್ರತಿದಿನವೂ ಮೊದಲು ಬಂದವಳ ಸಮಯಕ್ಕೆ ಇಷ್ಟು ಎಂದು ಸೇರಿಸಿ ಒಂದು ಗಡುವು ಹಾಕುತ್ತಾರೆ. ಅದರೊಳಗೆ ಬರದಿದ್ದರೆ ಮರುದಿನ ಸೈಕಲ್ ಹತ್ತುವ ಹಾಗಿಲ್ಲ. ಬೆಟ್ಟ ಶುರುವಾಗುವ ಮೊದಲು ಎಲ್ಲರಿಗೂ ನೀರು ತಲುಪಬೇಕಿತ್ತು. ಮೊದಲ ಸಲ ಮೂರು ತಂದುಕೊಟ್ಟೆ. ಎರಡನೆಯ ಸಲ ಹಿಂದೆ ಹೋದಾಗ ನಮ್ಮ ಕಾರು ತಂಡಗಳ ಕಾರುಗಳ ಸಾಲಿನ ಕೊನೆಯಲ್ಲಿತ್ತು. ಬಾಟಲಿ ಹೊತ್ತು ಗುಂಪಿನ ಬಾಲ ಹಿಡಿಯುವಷ್ಟರಲ್ಲಿ ರಸ್ತೆ ಮೇಲಕ್ಕೆದ್ದಿತು. ಹೇಗೋ ನುಗ್ಗಿ ಲೀಡರ್ ಪಕ್ಕಕ್ಕೆ ಹೋದೆ. "ಅಕ್ಕಾ, ನೀರು." ಕೊಟ್ಟೆ. ಅವಳು ಒಂದು ಗುಟುಕು ಕುಡಿದು, ಉಳಿದದ್ದನ್ನು ತಲೆಗೆ ಸುರಿದುಕೊಂಡು, ಬಾಟಲಿಯನ್ನು ಬೇಲಿಗೆಸೆದು ಹೊರಟುಹೋದಳು. ಎಲ್ಲರೂ ಹೊರಟುಹೋದರು. ಆಮೇಲಿನ ಹದಿನೆಂಟು ಕಿಲೋಮೀಟರು ನಾನು, ಬೆಟ್ಟ, ನನ್ನ ಹಿಂದೆ ಸೈಕಲ್ ತುಂಬಿಕೊಳ್ಳಲು ಕಾಯುತ್ತ ಮೆಲ್ಲಗೆ ಬರುತ್ತಿದ್ದ ಒಂದು ವ್ಯಾನು. ಚಾಲಕ ಎರಡು ಸಲ ಬಾಗಿಲು ತೆರೆದು ತೋರಿಸಿದ. ನಾನು ಬೇಡವೆಂದು ತಲೆಯಾಡಿಸಿದೆ. ಗೆರೆ ದಾಟಿದಾಗ ಗಡುವು ಮುಗಿದು ಐವತ್ತು ಸೆಕೆಂಡು ಆಗಿತ್ತು.

ಮರುದಿನ ನಮ್ಮ ತಂಡದ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಕಿಟಕಿಯಿಂದ ಬೇರೆಯವರಿಗೆ ಬಾಟಲಿ ಕೊಟ್ಟೆ. ಲೀಡರ್ ಒಟ್ಟಿನಲ್ಲಿ ಒಂಬತ್ತನೆಯವಳಾದಳು. ಫಲಿತಾಂಶದ ಹಾಳೆಯಲ್ಲಿ ಮುಗಿಸಿದವರ ಹೆಸರುಗಳಷ್ಟೇ ಇರುತ್ತವೆ. ನಾನು ಅದನ್ನು ಎರಡು ಸಲ ಓದಿದೆ. ಅಚ್ಚಿನ ತಪ್ಪೇನೂ ಇರಲಿಲ್ಲ.

ಮನೆಗೆ ಬಂದ ಮೇಲೆ ಅಮ್ಮನಿಗೆ ಮಾತ್ರ ಸ್ವಲ್ಪ ಹೇಳಿದೆ, ನೀರು ತರುವುದು ನನ್ನ ಕೆಲಸವಾಗಿತ್ತು ಎನ್ನುವಷ್ಟು. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ಬಂದೋರಿಗೆ ಒಂದು ತಂಬಿಗಿ ನೀರು ಕೊಡು ಅಂದ್ರ ಮನ್ಯಾಗ ಮಕ ಗಂಟು ಹಾಕ್ಕಂತಿ. ಅಲ್ಲಿಗೆ ಇಮಾನದಾಗ ಹೋಗಿ ಕೊಟ್ಟು ಬಂದಿಯೇನು?" ಮಡಕಶಿರಾದಿಂದ ದೊಡ್ಡಮ್ಮ ಫೋನು ಮಾಡಿ, "ಓಗ್ಲಿ ಬಿಡಮ್ಮಣ್ಣಿ, ನೀರು ಕೊಟ್ರೆ ಪುಣ್ಯ ಬತ್ತದೆ" ಎಂದಳು. ಪುಣ್ಯಕ್ಕೆ ಗಡುವು ಇರುವುದಿಲ್ಲ ಎನ್ನುವುದೊಂದೇ ಸಮಾಧಾನ. ಮಾಮ ಕೇಳಿದ್ದು ಒಂದೇ: "ಹೊಲಿಗಿ ಎಲ್ಲಾರ ಬಿಟ್ಟೈತೇನು?" ಇಲ್ಲ ಮಾಮ, ಎಂದೆ. ಅವನ ಮುಖ ಅರಳಿತು. ಈಗ ಅಂಗಡಿಯಲ್ಲಿ, ಫಾರಿನ್ನಿನ ಬೆಟ್ಟ ಹತ್ತಿದರೂ ಬಿಡದ ಹೊಲಿಗೆ ಎಂದು ಗಿರಾಕಿಗಳಿಗೆ ಹೇಳುತ್ತಾನಂತೆ. ಅದರಲ್ಲಿ ಸುಳ್ಳೇನೂ ಇಲ್ಲ.

ಇನ್ನು ಯಾರಿಗೂ ನೀರು ಹೊರುವುದಿಲ್ಲ ಎಂದು ನಿರ್ಧರಿಸಿದೆ. ಕೋಚು ಕರೆದರೆ ಹೇಳಬೇಕಾದ ನಾಲ್ಕು ವಾಕ್ಯಗಳನ್ನು ಸಿದ್ಧಮಾಡಿ, ಡ್ಯಾಮಿನ ದಾರಿಯಲ್ಲಿ ದಿನಾ ಬಾಯಿಪಾಠ ಮಾಡಿದೆ. ಹೋದ ವಾರ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಫೋನು ಬಂತು.

"ಮೇಡಂ, ಏಳು ದಿನದ ರೇಸು ಐತ್ರಿ. ನಮ್ಮ ಬಾಗಲಕೋಟಿ ಹುಡುಗಿ ನಿಮ್ಮ ಹೆಸರ ಹೇಳ್ಯಾಳ. ಅಕ್ಕ ಇದ್ರ ನನಗ ಚಿಂತಿ ಇಲ್ಲ ಅಂತಾಳ."

"ನನ್ನ ರೇಸು ಅಂತ ಹೇಳಿದ್ರಲ್ಲ ಸರ್."

"ಅದಕ್ಕ ನೀವು ಮುಗಿಸಿರಬೇಕಿತ್ತಲ್ರಿ" ಎಂದರು. ಬೈದು ಹೇಳಲಿಲ್ಲ, ಬೇಸರದಲ್ಲೇ ಹೇಳಿದರು. "ಈ ಸಲ ಮುಗಿಸ್ರಿ, ಆಮ್ಯಾಲ ನೋಡೋಣಂತ. ಬರ್ತೀರೇನು?"

ನಾಲ್ಕು ವಾಕ್ಯಗಳೂ ಶುದ್ಧ ವ್ಯಾಕರಣದಲ್ಲಿ ನಾಲಿಗೆಯ ಮೇಲೆ ಕೂತಿದ್ದವು. "ಬರ್ತೀನಿ ಸರ್" ಎಂದೆ.

ಫೋನಿಟ್ಟ ಮೇಲೆ ಅವರು ಕಳಿಸಿದ ದಾರಿಯ ನಕ್ಷೆ ನೋಡಿದೆ. ಈ ಸಲ ಬೆಟ್ಟ ಬರುವುದು ಐದನೆಯ ದಿನ. ಅಂದರೆ ಹೇಗೆ ಲೆಕ್ಕ ಹಾಕಿದರೂ ಕಳೆದ ಸಲಕ್ಕಿಂತ ಒಂದು ದಿನ ಹೆಚ್ಚು ಉಳಿಯುತ್ತೇನೆ. ಇದನ್ನೇ ಪ್ರಗತಿ ಎಂದು ತಿಳಿದು, ಆ ಮಧ್ಯಾಹ್ನ ಡಬ್ಬಿಯನ್ನು ಪೂರ್ತಿ ಖಾಲಿ ಮಾಡಿದೆ.