ಪ್ರಾಪ್ತೊ ಎಳೆದ ಗೆರೆ

ಮದುವೆಯಾದಂದಿನಿಂದ ಪ್ರಾಪ್ತೊ ಹೆಂಡತಿ ಹಾಕಿದ ಗೆರೆ ದಾಟಿದವನಲ್ಲ. ಆ ಗೆರೆ ನೆಟ್ಟಗಿರುವುದಿಲ್ಲ ಎನ್ನುವುದೊಂದೇ ಅವನ ದೂರು.

ಸೋಲೋ ಊರಿನ ನೀರಿನ ಕಚೇರಿಯಲ್ಲಿ ಕೊಳವೆಗಳ ನಕ್ಷೆ ಬರೆಯುವುದು ಅವನ ಕೆಲಸ. ತಾನು ಅಡಿಪಟ್ಟಿ ಇಟ್ಟು ಎಳೆದ ಗೆರೆಯ ಮೇಲೆ ಇರುವೆ ನಡೆದರೆ ಅದಕ್ಕೂ ಶಿಸ್ತು ಬರುತ್ತದೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಹೆಂಡತಿ ವಿಂದಾರ್ತಿಯದು ತದ್ವಿರುದ್ಧ ಪಂಥ. ಭಾನುವಾರ ಬೆಳಿಗ್ಗೆ ಓಣಿಯ ಮಕ್ಕಳನ್ನೆಲ್ಲ ಜಗಲಿಯಲ್ಲಿ ಕೂರಿಸಿಕೊಂಡು ಚಿತ್ರ ಕಲಿಸುತ್ತಿದ್ದಳು. ಮಕ್ಕಳ ಬಾಯಲ್ಲಿ ಅವಳು 'ಬು', ಅವನು 'ಪಾಕ್', ಅಮ್ಮಾವ್ರು, ಅಯ್ಯಾವ್ರು ಅಂದ ಹಾಗೆ. ಅವಳ ಗೆರೆಗಳಿಗೆ ಕೋಪ ಬರುತ್ತಿತ್ತು, ನಿದ್ದೆ ಬರುತ್ತಿತ್ತು, ಒಮ್ಮೊಮ್ಮೆ ಹೊಟ್ಟೆನೋವೂ ಬರುತ್ತಿತ್ತು. "ಗೆರೆಗೆ ಹೊಟ್ಟೆ ಎಲ್ಲಿದೆಯೇ?" ಎಂದು ಪ್ರಾಪ್ತೊ ಒಮ್ಮೆ ಕೇಳಿದ್ದ. (ಅವತ್ತು ಕಾಫಿ ಬರಲಿಲ್ಲ.)

ಹೀಗಿರುವಾಗ ವಿಂದಾರ್ತಿ ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಳು. ಮುಂದಿನ ವಾರವೇ ಓಣಿಯ ಸಭಾಭವನದಲ್ಲಿ ಮಕ್ಕಳ ಚಿತ್ರಗಳ ಪ್ರದರ್ಶನ. ಮಕ್ಕಳು ಅದಕ್ಕಾಗಿ ವರ್ಷವಿಡೀ ಕಾದಿದ್ದರು. ಚಿತ್ರಗಳು ಮಾತ್ರ ಇನ್ನೂ ಆಗಿರಲಿಲ್ಲ.

"ಈ ಸಲ ನೀವೇ ಕಲಿಸ್ಬೇಕು, ಮಾಸ್," ಎಂದಳು. ಗಂಡನನ್ನು ಅವಳು 'ಮಾಸ್' ಎಂದೇ ಕರೆಯುತ್ತಿದ್ದಳು.

"ನಾನಾ? ನಂಗೆ ಪೈಪು ಬಿಟ್ರೆ ಇನ್ನೇನು ಬರುತ್ತೆ?"

"ಪೈಪೊಳಗೆ ನೀರು ಹರಿಯುತ್ತಲ್ಲ, ಅದನ್ನ ಬರೆಸಿ."

"ಅದು ನಕ್ಷೇಲಿ ಕಾಣ್ಸಲ್ಲ ಕಣೆ."

"ನಿಮ್ಮ ಕಷ್ಟಾನೇ ಅದು!"

ಅವಳು ಒಳಕೋಣೆಯಲ್ಲಿ ಕಾಲಿಗೆ ದಿಂಬು ಕೊಟ್ಟುಕೊಂಡು ಮಲಗಿದಳು. ಜಗಲಿಯ ಕಡೆಗಿನ ಕಿಟಕಿ ತೆರೆದೇ ಇತ್ತು. ಅಂದರೆ ಮಹಾರಾಣಿ ಹಾಸಿಗೆ ಹಿಡಿದರೂ ರಾಜ್ಯಭಾರ ನಿಂತಿರಲಿಲ್ಲ.

ಪ್ರಾಪ್ತೊ ಮಕ್ಕಳಿಗೆಲ್ಲ ಒಂದೊಂದು ಅಡಿಪಟ್ಟಿ ಹಂಚಿದ. ತಿದ್ದುವುದಕ್ಕೆಂದು ಕೆಂಪು ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು, "ಎಲ್ರೂ ನೆಟ್ಟಗೆ ಗೆರೆ ಎಳೀರಿ. ಒಂದರ ಕೆಳಗೆ ಒಂದು," ಎಂದು ಅಪ್ಪಣೆ ಕೊಡಿಸಿದ. ಮಕ್ಕಳು ಎಳೆದರು. ಜಗಲಿ ಗಪ್‌ಚುಪ್. ತುಸು ಹೊತ್ತಿಗೆ ಜಾಕನೆಂಬ ಹುಡುಗ ಅಡಿಪಟ್ಟಿ ಹಿಡಿದು ಪಕ್ಕದವನ ಮೇಲೆ ಯುದ್ಧ ಸಾರಿದ. ಮುಂದಿನ ಹಲ್ಲು ಬಿದ್ದಿದ್ದ ಐದು ವರ್ಷದ ಗಲುಹ್ ಹಾಳೆ ತಂದು ಮುಂದೆ ಹಿಡಿದಳು.

"ಪಾಕ್, ನನ್ ಗೆರೆ ಸತ್ತೋಯ್ತು."

"ಸತ್ತಿಲ್ಲ ಮಗು, ನೆಟ್ಟಗಿದೆ."

"ನಮ್ಮಜ್ಜಾನೂ ನೆಟ್ಟಗೇ ಮಲಗಿದ್ರು. ಆಮೇಲೆ ಏಳ್ಲೇ ಇಲ್ಲ."

ಪ್ರಾಪ್ತೊ ಬಾಯಿ ತೆರೆದ. ಮಾತು ಹೊರಟಿದ್ದು ಒಳಕೋಣೆಯ ಕಿಟಕಿಯಿಂದ.

"ಅಡಿಪಟ್ಟಿ ಕಿತ್ಕೊಳ್ರಿ! ಇದ್ದಿಲು ಕೊಡಿ! ಬೆಕ್ಕು ಮೈಮುರಿಯೋದು ಬರೆಯಕ್ಕೆ ಹೇಳಿ. ಬೆಕ್ಕು ಬೇಡ, ಮೈಮುರಿಯೋದು ಮಾತ್ರ!"

ಹೇಳಿದ. ಹೇಳದೆ ಬದುಕುಂಟೆ? ಮಕ್ಕಳು ಮೊದಲು ತಾವೇ ಬೆಕ್ಕಿನಂತೆ ಮೈಮುರಿದರು. ಆಮೇಲೆ ತೋಳಿನಷ್ಟುದ್ದದ ಗೆರೆಗಳು ಸೋಮಾರಿಯಾಗಿ ಮೇಲೆದ್ದು ಬಾಗಿ ಹಾಳೆಯ ಮೇಲೆ ಒರಗಿದವು. ಅಷ್ಟರಲ್ಲಿ ಓಣಿಯಲ್ಲಿ ಬಕ್ಸೊ ಎಂಬ ಮಾಂಸದುಂಡೆ ಸಾರಿನ ಗಾಡಿಯವನು ಬಟ್ಟಲಿಗೆ ಚಮಚ ಬಡಿದುಕೊಂಡು ಹೋದ. "ಅದನ್ನೂ ಬರೀರಿ!" ಎಂದಿತು ಕಿಟಕಿ. ಜಾಕ ಟಿಂಗ್ ಟಿಂಗ್ ಎಂದು ಪುಟ್ಟ ಪುಟ್ಟ ಗೆರೆ ಕುಣಿಸಿ, ಅವುಗಳ ಮೇಲೊಂದು ದಪ್ಪನೆಯ ಗೆರೆ ಒತ್ತಿ ಎಳೆದ. "ಇದು ನಮ್ಮಮ್ಮ. ಬೇಡ ಅಂದಿದ್ದು."

ಗಲುಹ್ ಮಾತ್ರ ಮೂಲೆಯಲ್ಲಿ ಕೂತು ಬೇರೇನೋ ಬರೆಯುತ್ತಿದ್ದಳು. ಹಾಳೆಯ ಈ ತುದಿಯಲ್ಲಿ ದಪ್ಪಗೆ ಹೊರಟ ಗೆರೆ ಹೋಗುತ್ತ ಹೋಗುತ್ತ ತೆಳುವಾಗಿ, ನಡುವೆ ಒಂದು ಕಡೆ ಸಣ್ಣಗೆ ಕೊಂಕಿ, ಅಂಚಿನಲ್ಲಿ ಇಲ್ಲವಾಗಿತ್ತು.

"ಅಜ್ಜ ಹೋಗ್ತಿದಾರೆ," ಎಂದಳು. ಕೊಂಕಿನ ಮೇಲೆ ಬೆರಳಿಟ್ಟು, "ಇಲ್ಲಿ ತಿರುಗಿ ನನ್ ನೋಡಿದ್ರು."

ಕಿವಿಯ ಮೇಲಿದ್ದ ಕೆಂಪು ಪೆನ್ಸಿಲ್ಲನ್ನು ಪ್ರಾಪ್ತೊ ತೆಗೆದು ಮೆಲ್ಲಗೆ ಜೇಬಿಗೆ ಹಾಕಿಕೊಂಡ. ಅಷ್ಟು ವರ್ಷ ನಕ್ಷೆ ಬರೆದವನಿಗೆ, ಒಂದು ಗೆರೆ ಅಷ್ಟು ದೂರ ಹೋಗಬಲ್ಲದು ಎಂದು ತಿಳಿದಿರಲಿಲ್ಲ.

"ಈಗ ನೀವು ಬರೀರಿ ಪಾಕ್," ಎಂದಳು ಗಲುಹ್. ಅವನ ಕೈ ತಾನಾಗಿಯೇ ಅಡಿಪಟ್ಟಿಯತ್ತ ಹೋಯಿತು. ಅವಳು ಹೋಗಿ ಅದರ ಮೇಲೆ ಕೂತುಬಿಟ್ಟಳು.

"ಏನ್ ಬರೀಲಿ?"

ಜಾಕ ಅವನ ಕಿವಿಯಲ್ಲಿ ಪಿಸುಗುಟ್ಟಿದ: "ಬು ವಿಂದಾರ್ತಿ ನಿಮ್ಮನ್ನ ಕರೆಯೋದು!"

ಹೇಳಿಕೊಟ್ಟಂತೆ ಅದೇ ಗಳಿಗೆಗೆ ಒಳಗಿಂದ ಗುಡುಗಿತು: "ಮಾಸ್! ಅನ್ನ ಸೀಯ್ತಿದೆ, ಮೂಗು ಮುಚ್ಚೋಗಿದೆಯಾ?"

ಪ್ರಾಪ್ತೊನ ಕೈಯಲ್ಲಿದ್ದ ಇದ್ದಿಲು ತಾನೇ ನೆಗೆಯಿತು. ಗೆರೆ ಚಂಗನೆ ಮೇಲೇರಿ, ಸಿಡಿದು, ಗರಗಸದಂತೆ ಹಲ್ಲು ಮಸೆದು, ಹಾಳೆಯನ್ನು ಎರಡು ಸುತ್ತು ಹಾಕಿ, ಕೊನೆಗೆ ಒಂದು ಮೂಲೆಯಲ್ಲಿ ಪುಟ್ಟ ಸುರುಳಿಯಾಗಿ ಕೂತಿತು. ಮಕ್ಕಳು ಹೋ ಎಂದು ಚಪ್ಪಾಳೆ ತಟ್ಟಿದರು. ಸದ್ದಿಗೆ ಹೆದರಿದ ಅವನು ಹಾಳೆಯನ್ನು ಮಕ್ಕಳ ಚಿತ್ರಗಳ ಕಟ್ಟಿನ ಅಡಿಗೆ ತುರುಕಿ ಅಡುಗೆಮನೆಗೆ ಓಡಿದ. ಅನ್ನ ಉಳಿಯಲಿಲ್ಲ. ಆ ಗಡಿಬಿಡಿಯಲ್ಲಿ ಹಾಳೆಯೂ ಮರೆತುಹೋಯಿತು. ಕಟ್ಟು ಹಾಗೇ ಸಭಾಭವನ ಸೇರಿತು.

ಪ್ರದರ್ಶನದ ದಿನ ವಿಂದಾರ್ತಿ ಊರುಗೋಲು ಹಿಡಿದು ಬಂದಳು. ಆರು ವರ್ಷದೊಳಗಿನ ಮಕ್ಕಳ ಗೋಡೆಯಲ್ಲಿ, ಗಲುಹ್‌ಳ ಅಜ್ಜನ ಪಕ್ಕದಲ್ಲಿ ತನ್ನ ಹಾಳೆ ನೇತಾಡುವುದನ್ನು ಕಂಡ ಪ್ರಾಪ್ತೊ, ಬೆನ್ನು ಕೊಟ್ಟು ಅದಕ್ಕೆ ಅಡ್ಡ ನಿಂತ.

"ಗೋಡೆ ಬೀಳಲ್ಲ, ಆಚೆ ಬನ್ನಿ," ಎಂದಳು ಹೆಂಡತಿ. ನೋಡಿದಳು. "ಇದ್ಯಾರ್ದು? ಹೆಸರೇ ಇಲ್ಲ."

"ಪಾಕ್‌ದು! ನೀವು ಅವ್ರನ್ನ ಕರೆಯೋದು!" ಎಂದು ಗಲುಹ್ ಪಕ್ಕದವರಿಗೆಲ್ಲ ಕೇಳುವಂತೆ ಸಾರಿದಳು.

ವಿಂದಾರ್ತಿ ಗೆರೆಯ ಹಿಂದೆಯೇ ಬೆರಳು ಒಯ್ದಳು. "ಇಷ್ಟು ಜೋರಾಗಿ ಕಿರುಚ್ತೀನಾ ನಾನು?"

"ಹಾಳೆ ಸಾಲಲಿಲ್ಲ. ಕಮ್ಮೀನೇ ಬರೆದಿದೀನಿ."

"ಈ ಕೊನೇಲಿ ಸುರುಳಿ ಏನು?"

ಪ್ರಾಪ್ತೊ ತನ್ನ ಚಪ್ಪಲಿ ನೋಡಿಕೊಂಡ. "ಬೈದಾದ್ಮೇಲೆ 'ಊಟ ಆಯ್ತಾ' ಅಂತ ಕೇಳ್ತೀಯಲ್ಲ... ಅದು."

ವಿಂದಾರ್ತಿ ಸರಿಯಾಗಿಯೇ ಇದ್ದ ಅವನ ಕಾಲರನ್ನು ಸುಮ್ಮನೆ ಸರಿಮಾಡಿದಳು. (ಹೀಗಾದದ್ದು ಅವರ ಸಂಸಾರದಲ್ಲಿ ಅದೇ ಮೊದಲು.)

ಆಗಲೇ ಬಹುಮಾನ ಘೋಷಣೆ ಶುರುವಾಯಿತು. ತೀರ್ಪು ಕೊಡಲು ಪಕ್ಕದ ಓಣಿಯಿಂದ ಬಂದಿದ್ದವರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಕನ್ನಡಕದ ಮೇಲಿಂದಲೇ ಲೋಕ ನೋಡುವವರು. ಆರು ವರ್ಷದೊಳಗಿನವರಲ್ಲಿ ಮೊದಲ ಬಹುಮಾನ ಗಲುಹ್‌ಗೆ.

"ಇನ್ನು ಸಮಾಧಾನಕರ ಬಹುಮಾನ, ಹೆಸರು ಬರೆಯೋದು ಮರೆತ ಈ ಮಗುವಿಗೆ," ಎಂದು ಅವರು ಪ್ರಾಪ್ತೊನ ಹಾಳೆಯನ್ನು ಗೋಡೆಯಿಂದ ಬಿಡಿಸಿ ಎತ್ತಿ ಹಿಡಿದರು. "ಗೆರೇಲಿ ಜೀವ ಇದೆ. ಕೈ ಇನ್ನೂ ಪಳಗಬೇಕು. ಆದ್ರೆ ಮನೇಲಿ ಈ ಮಗುಗೆ ಯಾರದೋ ಹೆದರಿಕೆ ಇದ್ದ ಹಾಗಿದೆ. ದಯವಿಟ್ಟು ಗದರಬೇಡಿ. ಮಗುವಿನ ಕಡೆಯವರು ಯಾರು?"

ಪ್ರಾಪ್ತೊ ಕಂಬದ ಹಿಂದೆ ಕರಗಲು ನೋಡಿದ. ವಿಂದಾರ್ತಿ ಊರುಗೋಲೆತ್ತಿದಳು.

"ನಾನೇ, ಮೇಡಂ. ಇನ್ಮೇಲೆ ಖಂಡಿತ ಗದರಲ್ಲ," ಎಂದು ಅತಿ ವಿನಯದಿಂದ ಮಾತು ಕೊಟ್ಟು, ಕಂಬದ ಕಡೆ ತಿರುಗಿ ಗದರಿದಳು: "ಬನ್ರೀ ಈಚೆ, ಮಾಸ್! ಕಾಲು ಉಳುಕಿದ್ದು ನಂದಾ, ನಿಮ್ದಾ?"

ನರೆತ ಮೀಸೆಯ ಆ ಮಗು ಹೆಂಡತಿಯ ಕೈ ಹಿಡಿದು ವೇದಿಕೆ ಹತ್ತಿತು. ಬಣ್ಣದ ಕಾಗದದ ಪುಟ್ಟ ಕಿರೀಟ ಹಿಡಿದು ನಿಂತಿದ್ದ ಮೇಡಂ ಅವನನ್ನು ಕೆಳಗಿಂದ ಮೇಲಿನವರೆಗೆ ನೋಡಿದರು. ಕೊಟ್ಟ ತೀರ್ಪು ಹಿಂತೆಗೆದುಕೊಂಡ ಅಭ್ಯಾಸ ಅವರಿಗಿರಲಿಲ್ಲ.

"ಮಗು ಸ್ವಲ್ಪ ಬಗ್ಗಬೇಕು," ಎಂದರು.

ಪ್ರಾಪ್ತೊ ಬಗ್ಗಿದ.